11 ಶರಣಪ್ಪರ ಖಾತೆ

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಲೆಕ್ಕವನ್ನು ಕಂಪ್ಯೂಟರಿಗೆ ತರುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ್ದು 2022ರ ಜೂನ್‌ನಲ್ಲಿ. ದೇಶದ 63,000 ಸಂಘಗಳು, 2,516 ಕೋಟಿ ರೂಪಾಯಿ. ಅದರಲ್ಲಿ ಆಳಂದ ತಾಲ್ಲೂಕಿನ 6 ಸಂಘಗಳ ಹೊಣೆ ನನ್ನದಾಯಿತು.

ಮೊದಲ ಸಲ ಕೆಲಸ ಕೆಟ್ಟಿತು, ತಪ್ಪು ನನ್ನದೇ. ಕಾರ್ಯದರ್ಶಿಗಳನ್ನು ಕಲಬುರಗಿಗೆ ಕರೆಸಿ ಎರಡು ದಿನ ತರಬೇತಿ ಕೊಟ್ಟು, ಆಮೇಲಿನ ಒಂದು ಜೂನ್‌ನಲ್ಲೇ ಶುರು ಮಾಡಿಸಿದೆ. ಜೂನ್ ಅಂದರೆ ನಮ್ಮಲ್ಲಿ ತೊಗರಿ ಬಿತ್ತನೆ. ಬೀಜಕ್ಕೆ, ಡಿಎಪಿ ಗೊಬ್ಬರಕ್ಕೆ, ಸಾಲಕ್ಕೆ ಪಾಳಿ ಹಚ್ಚಿದ ರೈತರ ಮುಂದೆ ಪಾಸ್‌ವರ್ಡ್ ನೆನಪಿಸಿಕೊಳ್ಳುತ್ತ ಕೂಡುವವರು ಯಾರು? ವಾರದೊಳಗೆ ಕಂಪ್ಯೂಟರಿನ ಮೇಲೆ ಟವೆಲ್ ಬಿತ್ತು.

‘ಹಳಬರು ಕಲಿಯುವುದಿಲ್ಲ’ ಎಂದು ವರದಿ ಬರೆಯುವವನಿದ್ದೆ. ಅದಕ್ಕೂ ಮುಂಚೆ ಒಂದು ಸಂಘದ ಕಾರ್ಯದರ್ಶಿ ಕಾಕಾ ಹತ್ತಿರ ಹೋಗಿ ಕೂತೆ. ಆ ಊರಲ್ಲಿ 11 ಶರಣಪ್ಪರು ಸದಸ್ಯರು, ಅವರಲ್ಲಿ ಮೂವರ ತಂದೆಯ ಹೆಸರು ಬಸಣ್ಣ. ನಮ್ಮ ಹುಡುಗರು ಒಬ್ಬರ ಸಾಲವನ್ನು ಇನ್ನೊಬ್ಬರ ಖಾತೆಗೆ ಏರಿಸಿದ್ದರು. ಕಾಕಾ ಖಾತೆ ಪುಸ್ತಕ ಬಿಚ್ಚಿ, ಅಂಚಿನಲ್ಲಿ ಪೆನ್ಸಿಲಿನಿಂದ ಬರೆದದ್ದರ ಮೇಲೆ ಬೆರಳಿಟ್ಟರು: ಬಾವಿಮನಿ, ಅಗಸಿ ಬಾಜು, ಹುಣಸಿಗಿಡದ ಹೊಲ.

“ಇದು ನಿಮ್ಮ ಮಷಿನ್‌ದಾಗ ಎಲ್ಲಿ ಬರೀಬೇಕ್ರಿ ಸಾಹೇಬ್ರ?”

ವರದಿ ಹರಿದು ಹಾಕಿದೆ. ಕಾಕಾ ಒಬ್ಬೊಬ್ಬರ ಗುರುತು ಹೇಳುತ್ತ ಹೋದರು, ನಾವು ಪಹಣಿಯ ಸರ್ವೆ ನಂಬರ್ ಹಿಡಿದು ಖಾತೆ ಬೇರ್ಪಡಿಸುತ್ತ ಬಂದೆವು. ಆ 9 ದಿನದ ಕೆಲಸವನ್ನು ಯಾವ ತರಬೇತಿಯೂ ಮಾಡಿಕೊಡುತ್ತಿರಲಿಲ್ಲ.

ಬಿತ್ತನೆ ಗದ್ದಲ ಇಳಿದ ಮೇಲೆ ಆಗಸ್ಟ್‌ನಲ್ಲಿ ಮತ್ತೆ ಹಿಡಿದೆವು. ಎರಡು ತಿಂಗಳು ಪುಸ್ತಕದಲ್ಲೂ ಬರೆಯಬೇಕು, ಕಂಪ್ಯೂಟರಿನಲ್ಲೂ ಬರೆಯಬೇಕು. ಸಂಜೆ ಎರಡರ ನಗದು ಶಿಲ್ಕು, ಅಂದರೆ ಕೈಯಲ್ಲಿ ಉಳಿದ ಹಣದ ಲೆಕ್ಕ, ತಾಳೆಯಾಗದೆ ಬಾಗಿಲಿಗೆ ಬೀಗವಿಲ್ಲ. ಒಮ್ಮೆ 40 ರೂಪಾಯಿ ಫರಕು ಬಂದು, ಹುಡುಕುತ್ತ ರಾತ್ರಿ ಎಂಟಾಯಿತು. ಗೊಬ್ಬರದ ಚೀಲ ಇಳಿಸಿದ ಹಮಾಲಿ ಕೂಲಿ ಕಂಪ್ಯೂಟರಿಗೆ ಏರಿರಲಿಲ್ಲ. ದುಪ್ಪಟ್ಟು ಕೆಲಸ ಎಂದು ಎಲ್ಲರೂ ಬೈದರು, ಬೈದದ್ದು ನ್ಯಾಯವೇ. ಆದರೂ ಈ ಒಂದು ನಿಯಮವನ್ನು ನಾನು ಸಡಿಲ ಬಿಡಲಿಲ್ಲ. ಉಳಿದ ಐದು ಸಂಘಗಳಿಗೆ ಕಲಿಸಲು ನಾನು ಹೋಗಲಿಲ್ಲ, ಕಾಕಾ ಹೋದರು.

ಮೊದಲ ಪ್ರಿಂಟ್ ರಸೀದಿ ಕೈಗೆ ಬಂದಾಗ ಒಬ್ಬ ಮುದುಕಿ ಅದನ್ನು ತಿರುವಿ ಮುರುವಿ ನೋಡಿ, “ಇದರಾಗ ಇವರ ಸಹಿ ಎಲ್ಲದ?” ಎಂದಳು. ಕಾಕಾ ಜೇಬಿನಿಂದ ಪೆನ್ ತೆಗೆದರು. ಅಂದಿನಿಂದ ಆ ಸಂಘದ ಪ್ರತಿ ರಸೀದಿಯ ಕೆಳಗೆ ನೀಲಿ ಶಾಯಿಯ ಸಹಿ ಇರುತ್ತದೆ.