ಗಂಟೆಗೊಂದ್ಸಲ ಕ್ಯಾಶ್ ಕ್ಲಿಯರ್ ಆಗ್ತಿದ್ದ ಸರ್ವರ್: ನನ್ನ ಅನುಭವ

"ಸಾರ್, ಸರ್ವರ್ ರ‍್ಯಾಮ್ ಫುಲ್ ಆಗೈತೆ, ಕ್ಯಾಶ್ ಕ್ಲಿಯರ್ ಮಾಡ್ಬಿಡಿ" ಅಂತ ಯಾರಾದ್ರೂ ಫೋನ್ ಮಾಡಿದ್ರೆ ನಾನು ಮೊದ್ಲು ಕೇಳೋದು, ಮೆಮೊರಿ ಲೆಕ್ಕ ತೋರಿಸೋ ಫ್ರೀ ಕಮಾಂಡ್ ಹೊಡೆದು ಕೊನೇ ಕಾಲಮ್ಮು, ಅವೈಲಬಲ್ ಅಂತಿರುತ್ತಲ್ಲ, ಅದ್ರಲ್ಲಿ ಎಷ್ಟಿದೆ ಓದಿ ಅಂತ. ಬಹಳಷ್ಟು ಸಲ ಅಲ್ಲಿ ಬೇಕಾದಷ್ಟು ಜಾಗ ಇರುತ್ತೆ.

ಮಂಡ್ಯದ ಪೇಟೆ ಬೀದಿಲಿ ಒಂದು ಹೋಲ್‌ಸೇಲ್ ದಿನಸಿ ಅಂಗಡಿ. ಬಿಲ್ಲಿಂಗ್ ಎಲ್ಲ ಒಂದೇ ಲಿನಕ್ಸ್ ಸರ್ವರಲ್ಲಿ, 16 ಜಿಬಿ ರ‍್ಯಾಮು, ಪೋಸ್ಟ್‌ಗ್ರೆಸ್ ಡೇಟಾಬೇಸು, ಹಳೇ ಹಾರ್ಡ್‌ಡಿಸ್ಕು. ಗಂಟೆ ಹೊಡೆದ ಹಾಗೆ ಬಿಲ್ಲು ನಿಂತೋಗುತ್ತೆ, ಸ್ವಲ್ಪ ಹೊತ್ತಾದ್ಮೇಲೆ ತಾನೇ ಸರಿಹೋಗುತ್ತೆ ಅಂತ ಕಂಪ್ಲೇಂಟು. ಕರ್ನೆಲ್ಲಿನ, ಅಂದ್ರೆ ಓಎಸ್ ತಿರುಳಿನ, ಲಾಗು ಡಿಮೆಸೇಜ್ ನೋಡಿದ್ರೆ ಗಂಟೆಗೊಂದು ಸಾಲು ಡ್ರಾಪ್ ಕ್ಯಾಶಸ್ 3 ಅಂತ, ಕ್ಯಾಶ್ ಖಾಲಿ ಮಾಡಿಸೋ ಕರ್ನೆಲ್ ಫೈಲಿಗೆ 3 ಬರೆದ ಗುರುತು ಅದು, ಪಕ್ಕದಲ್ಲೇ ಪ್ರೊಸೆಸ್ ಹೆಸರೂ ಇತ್ತು, ಹೊತ್ತಿಗೆ ಸರಿಯಾಗಿ ತಾನೇ ಓಡೋ ಕೆಲಸಗಳ ಪಟ್ಟಿ ಕ್ರಾನ್‌ಟ್ಯಾಬ್ ತೆಗೆದ್ರೆ ಅಲ್ಲೇ ಸಿಕ್ತು. ಹಿಂದೆ ಮೇಂಟೇನ್ ಮಾಡ್ತಿದ್ದೋರು, ಫ್ರೀ ಅನ್ನೋ ಕಾಲಮ್ಮಲ್ಲಿ 300 ಎಂಬಿ ಕಂಡು ಹೆದರಿ ಹಾಕಿಟ್ಟಿದ್ರು.

ಖಾಲಿ ಬಿದ್ದಿರೋ ರ‍್ಯಾಮಿಂದ ಯಾರಿಗೂ ಲಾಭ ಇಲ್ಲ, ಅದಕ್ಕೇ ಕರ್ನೆಲ್ಲು ಡಿಸ್ಕಿಂದ ಒಮ್ಮೆ ಓದಿದ್ದನ್ನ ಅಲ್ಲೇ ಇಟ್ಕೊಂಡಿರುತ್ತೆ, ಇದೇ ಕ್ಯಾಶು, ಯಾವ್ದಾದ್ರೂ ಪ್ರೋಗ್ರಾಮಿಗೆ ಮೆಮೊರಿ ಬೇಕು ಅಂದ ತಕ್ಷಣ ಅದನ್ನ ಬಿಟ್ಟುಕೊಡುತ್ತೆ. ನಾವು ಕೈಹಾಕಿ ತೆಗೆಯೋದು ಅಂದ್ರೆ, ಗಲ್ಲಾ ಪಕ್ಕ ಕೈಗೆ ಸಿಗೋ ಹಾಗಿಟ್ಟಿರೋ ಓಡೋ ಮಾಲನ್ನ ಗಂಟೆಗೊಂದ್ಸಲ ಗೋಡೌನಿಗೆ ಹೊತ್ತಾಕಿ ಮತ್ತೆ ತರಿಸ್ದಂಗೆ. ಪೋಸ್ಟ್‌ಗ್ರೆಸ್ ಅಂತೂ ತನ್ನ ಸ್ವಂತ ಕ್ಯಾಶು ಷೇರ್ಡ್ ಬಫರ್ಸ್ ಜೊತೆಗೆ ಓಎಸ್ ಕ್ಯಾಶನ್ನೂ ನಂಬ್ಕೊಂಡೇ ಓಡೋದು, ಅದು ಹೋದ್ರೆ ಬಿಲ್ಲಿನ ಒಂದೊಂದು ಐಟಮ್ಮಿಗೂ ಹಾರ್ಡ್‌ಡಿಸ್ಕಿನ ಮುಳ್ಳು ಹುಡುಕ್ಕೊಂಡು ಓಡಾಡ್ಬೇಕು, ಒಂದೊಂದು ಓಟಕ್ಕೂ ಸುಮಾರು 10 ಮಿಲಿಸೆಕೆಂಡ್.

ಇನ್ನೊಂದು ತಪ್ಪು ತಿಳುವಳಿಕೆ, ಕ್ಯಾಶ್ ಅಂತ ತೋರಿಸೋದೆಲ್ಲ ಬಿಡಿಸ್ಕೋಬಹುದು ಅನ್ನೋದು. ಫೈಲುಗಳನ್ನ ಮೆಮೊರಿಯಲ್ಲೇ ಇಡೋ ಟಿಎಂಪಿಎಫ್‌ಎಸ್, ಪ್ರೋಗ್ರಾಮುಗಳು ಹಂಚ್ಕೊಳ್ಳೋ ಷೇರ್ಡ್ ಮೆಮೊರಿ ಎಲ್ಲ ಅದೇ ಲೆಕ್ಕದಲ್ಲೇ ಸೇರಿರುತ್ತೆ, 3 ಬರೆದ್ರೂ ಅದು ಹೋಗಲ್ಲ. ಇಲ್ಲಿ ಷೇರ್ಡ್ ಬಫರ್ಸೇ 4 ಜಿಬಿ ಇತ್ತು, ಅದಕ್ಕೇ ಕ್ಲಿಯರ್ ಮಾಡಿದ್ಮೇಲೂ ನಂಬರು ಅದಕ್ಕಿಂತ ಕೆಳಗೆ ಇಳೀತಿರ್ಲಿಲ್ಲ. ಡಿಸ್ಕಿಗೆ ಇನ್ನೂ ಬರೆಯದೆ ಉಳಿದಿರೋ ಡರ್ಟಿ ಪೇಜುಗಳೂ ಹೋಗಲ್ಲ. 2014ರ 3.14 ಕರ್ನೆಲ್ಲಿಂದ ಮೆಮ್‌ಅವೈಲಬಲ್ ಅಂತ, ನಿಜವಾಗ್ಲೂ ಎಷ್ಟು ಸಿಗುತ್ತೆ ಅನ್ನೋ ಒಂದು ಅಂದಾಜು ಕೊಡ್ತಿರೋದೇ ಇದಕ್ಕೆ, ಫ್ರೀ ಕಮಾಂಡಿನ ಅವೈಲಬಲ್ ಕಾಲಮ್ಮಲ್ಲಿ ಕಾಣೋದು ಅದೇ, ಫ್ರೀಗೆ ಕ್ಯಾಶ್ ಕೂಡಿಸಿ ಲೆಕ್ಕ ಹಾಕ್ತಿದ್ದ ಕಾಲ ಮುಗೀತು.

ಕ್ರಾನ್ ಸಾಲು ತೆಗೆದೆ, ಗಂಟೆಗೊಂದ್ಸಲದ ತಡೆ ಹೋಯ್ತು. ಆದ್ರೆ ಸಂಜೆ ಹೊತ್ತಿಗೆ ಎಲ್ಲ ನಿಧಾನ ಆಗೋದು ಮಾತ್ರ ಹಾಗೇ ಇತ್ತು. ಮೆಮೊರಿ ಓಡಾಟ ತೋರಿಸೋ ವಿಎಂಸ್ಟ್ಯಾಟ್ ಹಾಕಿ ಕೂತೆ, ಎಸ್‌ಐ (ಸ್ವ್ಯಾಪ್ ಇನ್), ಎಸ್‌ಒ (ಸ್ವ್ಯಾಪ್ ಔಟ್) ಎರಡೂ ಒಂದೇ ಸಮ ಓಡ್ತಿತ್ತು, ಅಂದ್ರೆ ಮೆಮೊರಿ ಸಾಲದೆ ಡಿಸ್ಕಲ್ಲಿರೋ ಸ್ವ್ಯಾಪಿಗೆ ಹೋಗಿ ಬಂದು ಮಾಡ್ತಿದೆ, ಇದು ನಿಜವಾದ ಮೆಮೊರಿ ಕೊರತೆ. ಪಿಎಸ್ ಕಮಾಂಡಿನ ಆರ್‌ಎಸ್‌ಎಸ್, ಅಂದ್ರೆ ಯಾವ ಪ್ರೋಗ್ರಾಮು ಎಷ್ಟು ಮೆಮೊರಿ ಹಿಡಿದಿದೆ ಅನ್ನೋದರ ಪ್ರಕಾರ ಜೋಡಿಸಿ ನೋಡಿದ್ರೆ ಸ್ಟಾಕ್ ರಿಪೋರ್ಟ್ ತೆಗೆಯೋ ಒಂದು ಪೈಥಾನ್ ಸರ್ವಿಸು ಬೆಳಗ್ಗಿಂದ ಬೆಳೀತಾ ಬಂದು 9 ಜಿಬಿ ಮುಟ್ಟಿತ್ತು. ಪ್ರೋಗ್ರಾಮಿನ ಸ್ವಂತ ಮೆಮೊರೀನ ಡ್ರಾಪ್ ಕ್ಯಾಶಸ್ಸು ಮುಟ್ಟೋದೇ ಇಲ್ಲ, ಸಾವಿರ ಸಲ ಹೊಡೆದ್ರೂ ಅಷ್ಟೇ. ಸರ್ವಿಸುಗಳನ್ನ ನೋಡ್ಕೊಳ್ಳೋ ಸಿಸ್ಟಮ್‌ಡಿಯಲ್ಲಿ ಅದಕ್ಕೆ ಮೆಮೊರಿಮ್ಯಾಕ್ಸ್ ಅನ್ನೋ ಮಿತಿ 2 ಜಿಬಿ ಇಟ್ಟು, ಸತ್ರೆ ತಾನೇ ಎದ್ದೇಳೋ ಹಾಗೆ ಮಾಡ್ದೆ, ಆಮೇಲೆ ಕೋಡ್ ಬರೆದೋರು ಆ ಮೆಮೊರಿ ಲೀಕ್ ಸರಿಮಾಡಿ ಕೊಟ್ರು.

ಮೊಬೈಲಲ್ಲಿ ರ‍್ಯಾಮ್ ಕ್ಲೀನರ್ ಆ್ಯಪ್ ಹಾಕ್ಕೊಳ್ಳೋರಿಗೂ ನಾನು ಇದನ್ನೇ ಹೇಳೋದು, ಸಾಯಿಸಿದ ಆ್ಯಪು ಮತ್ತೆ ಮೊದಲಿಂದ ಲೋಡ್ ಆಗ್ಬೇಕು, ಬ್ಯಾಟರಿನೂ ದಂಡ.

ಡ್ರಾಪ್ ಕ್ಯಾಶಸ್ ಇರೋದು ಟೆಸ್ಟಿಂಗಿಗೆ, ಡೀಬಗ್ಗಿಂಗಿಗೆ, ಕರ್ನೆಲ್ ಡಾಕ್ಯುಮೆಂಟಲ್ಲೇ ಹಾಗೆ ಬರೆದಿದ್ದಾರೆ. ಮೈಸೂರಲ್ಲಿ ಮನೇಲಿರೋ ಟೆಸ್ಟ್ ಮಷೀನಲ್ಲಿ ನಾನೂ ಬಳಸ್ತೀನಿ. ಹೊಸ ಇಂಡೆಕ್ಸ್ ಹಾಕಿದ್ಮೇಲೆ ಕ್ವೆರಿ ಕ್ಯಾಶ್ ಇಲ್ದೆ ನೇರ ಡಿಸ್ಕಿಂದ ಎಷ್ಟು ಹೊತ್ತು ತಗೊಳುತ್ತೆ ನೋಡ್ಬೇಕಂದ್ರೆ, ಪೋಸ್ಟ್‌ಗ್ರೆಸ್ ನಿಲ್ಲಿಸಿ, ಡರ್ಟಿ ಪೇಜುಗಳನ್ನ ಡಿಸ್ಕಿಗೆ ಬರೆಸೋ ಸಿಂಕ್ ಹೊಡೆದು, 3 ಬರೆದು, ಮತ್ತೆ ಶುರುಮಾಡಿ ಅಳೀತೀನಿ.