ಫ್ರೆಂಚ್ ಕೀ ಬೊಂಬೆ ಕೊಳ್ಳುವಾಗ ಮೊದಲು ತೊಗಲು ನೋಡಿ

ಮೈಸೂರಿನಲ್ಲಿ 30 ವರ್ಷ ವಾಚ್ ರಿಪೇರಿ ಮಾಡಿದವನು ನಾನು. ಕೀ ಕೊಟ್ಟರೆ ಆಡುವ ಹಳೆಯ ಫ್ರೆಂಚ್ ಪ್ರಾಣಿ ಬೊಂಬೆ ಕೊಳ್ಳಬೇಕು ಅಂತ ಬರುವವರು, ನಾನು ಒಳಗಿನ ಮಿಷನ್ ಬಗ್ಗೆ ಹೇಳುತ್ತೇನೆ ಅಂದುಕೊಳ್ಳುತ್ತಾರೆ. ಇಲ್ಲ, ಮೊದಲು ಮೈಮೇಲೆ ಹೊದಿಸಿದ ತುಪ್ಪಟದ ತೊಗಲು ನೋಡಿ. ಚಕ್ರದ ಹಲ್ಲು ಮುರಿದಿದ್ದರೆ ಹೊಸದು ಕೂರಿಸಬಹುದು. ನುಸಿ ತಿಂದ ಕಿವಿಗೆ ಆ ಕಾಲದ ತುಪ್ಪಟ ಎಲ್ಲಿಂದ ತರುವುದು?

ಇದನ್ನು ನಾನು ಕಲಿತದ್ದು ನನ್ನ ಮೊಲದಿಂದಲೇ. ಪ್ಯಾರಿಸ್ಸಿನ ರುಲೆ–ದೆಕಾಂ ಕಂಪನಿಯದು. 1866ರಲ್ಲಿ ಝಾನ್ ರುಲೆ ಶುರು ಮಾಡಿದ್ದು, ಆಮೇಲೆ ಅಳಿಯ ದೆಕಾಂ ಸೇರಿಕೊಂಡ. ಕೀ ಕೊಟ್ಟರೆ ಮೊಲ ಕೋಸಿನೊಳಗಿಂದ ಮೇಲೆದ್ದು, ಕಿವಿ ಆಡಿಸಿ, ಮತ್ತೆ ಒಳಗೆ ಇಳಿಯುತ್ತದೆ. ನವರಾತ್ರಿ ಮುಗಿದ ಮೇಲೆ ಪಟ್ಟದ ಬೊಂಬೆಗಳ ಜೊತೆ ಪೆಟ್ಟಿಗೆಗೆ ಹಾಕಿ ಮರೆತೆ. ಮುಂದಿನ ವರ್ಷ ತೆಗೆದರೆ ಎಡಗಿವಿಯಲ್ಲಿ ಎರಡು ತೂತು. ನನ್ನ ಹೆಂಡತಿಯ ರೇಷ್ಮೆ ಸೀರೆಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಅವಳು ತಿಂಗಳಿಗೊಮ್ಮೆ ತೆಗೆದು ಗಾಳಿಗೆ ಹಾಕುತ್ತಾಳೆ, ಅಷ್ಟೇ ಗುಟ್ಟು. ಈಗ ಮೊಲವೂ ಅದೇ ದಿನ ಹೊರಗೆ ಬರುತ್ತದೆ, ಆದರೆ ನೆರಳಿಗೆ. ಬಿಸಿಲಿಗೆ ಬಣ್ಣ ಹೋಗುತ್ತದೆ. ನುಸಿಗುಳಿಗೆಯನ್ನು ತುಪ್ಪಟಕ್ಕೆ ತಾಗಿಸಬೇಡಿ.

ಮಾರುವವರು ಕಳಿಸುವ ಮುಖದ ಫೋಟೊ ಸಾಲದು. ಹೊಟ್ಟೆಯ ಹೊಲಿಗೆ, ಕಿವಿಯ ಬುಡ, ಕಾಲಿನ ಒಳಮಗ್ಗುಲು ಕೇಳಿ. ಬೊಂಬೆ ಕೈಗೆ ಬಂದರೆ, ಖೋಟಾ ನೋಟು ಪತ್ತೆಹಚ್ಚುವ ನೀಲಿ (ಯುವಿ) ಟಾರ್ಚನ್ನು ಕತ್ತಲಲ್ಲಿ ಹೊಲಿಗೆಯ ಮೇಲೆ ಹಿಡಿಯಿರಿ. ದಾರ ಫಳಫಳ ಹೊಳೆದರೆ ಈಚೆಗೆ ಯಾರೋ ಹೊಲಿದಿದ್ದಾರೆ. ಅದೇನು ತಪ್ಪಲ್ಲ, ಬೆಲೆ ಮಾತ್ರ ಇಳಿಯಬೇಕು ಅಲ್ವಾ? ಕೀ ಮೇಲೆ ‘ಆರ್ ಡಿ’, ಅಂದರೆ ರುಲೆ–ದೆಕಾಂ, ಅಂತ ಇದ್ದರೆ ಖುಷಿಪಡಿ, ನಂಬಿ ಕೂರಬೇಡಿ. ಕೀ ಒಂದು ಬೊಂಬೆಯಿಂದ ಇನ್ನೊಂದಕ್ಕೆ ಹೋಗಿರುತ್ತದೆ. ಆನೆದಂತ ಕಂಡರೆ ಅಲ್ಲಿಗೇ ಬಿಡಿ, ಕಾನೂನಿನ ತಲೆನೋವು.

ಅಂಗಡಿಗೆ ಬಂದವರೆಲ್ಲ ಟಿಪ್ಪುವಿನ ಹುಲಿ ಬೊಂಬೆಯ ಬಗ್ಗೆ ಕೇಳುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣದಿಂದ ಹೋದದ್ದು, ಈಗ ಲಂಡನ್ನಿನ ಮ್ಯೂಸಿಯಂನಲ್ಲಿದೆ. ಅದಕ್ಕೆ ಕೀ ಇಲ್ಲ, ಹಿಡಿ ತಿರುಗಿಸಬೇಕು. ಮೈಯೆಲ್ಲ ಮರ, ನುಸಿಯ ಭಯವಿಲ್ಲ. ಪುಣ್ಯವಂತ ಹುಲಿ.

ಇನ್ನು ಮಿಷನ್. ಪೂರ್ತಿ ಕೀ ಕೊಟ್ಟು ತೆಗೆದ ವಿಡಿಯೊ ಬೇಡ. ಎರಡು ಸುತ್ತು ಕೊಟ್ಟು, ತಾನಾಗಿ ನಿಲ್ಲುವವರೆಗೆ ತೋರಿಸಲು ಹೇಳಿ. ನಡುವೆ ತಡವರಿಸಿದರೆ ಹೆಚ್ಚಾಗಿ ಹಳೆಯ ಎಣ್ಣೆ ಅಂಟಾಗಿರುತ್ತದೆ, ತೊಳೆದರೆ ಹೋಗುತ್ತದೆ. ಅದರ ಮೇಲೆ ಕೊಬ್ಬರಿ ಎಣ್ಣೆ ಬಿಟ್ಟು ತಂದವರೂ ಇದ್ದಾರೆ! ನಿಂತೇ ಹೋದ ಬೊಂಬೆಗೆ ಬಲವಂತವಾಗಿ ಕೀ ಕೊಡಬೇಡಿ. ಸ್ಪ್ರಿಂಗಿನ ಬಿಗಿ ಇಳಿಸದೆ ಮಿಷನ್ನಿನ ಪ್ಲೇಟನ್ನೂ ಬಿಚ್ಚಬೇಡಿ, ನನ್ನ ಹೆಬ್ಬೆರಳಿನ ಗಾಯದ ಗುರುತು ಇನ್ನೂ ಇದೆ.

ನವರಾತ್ರಿಯಲ್ಲಿ ನಮ್ಮ ಮೊಲ ದಿನಕ್ಕೆ ಒಂದೇ ಸಲ, ಆರತಿ ಆದ ಮೇಲೆ ಏಳುತ್ತದೆ. ಪಕ್ಕದ ಮನೆ ಮಕ್ಕಳು “ತಾತ, ಇನ್ನೊಂದ್ಸಲ” ಅನ್ನುತ್ತಾರೆ. ಅಷ್ಟರಲ್ಲಿ ಕೀ ನನ್ನ ಜೇಬು ಸೇರಿರುತ್ತದೆ.