40ಕ್ಕೆ ಮುಂಚೆನೇ ಮುಟ್ಟು ನಿಂತ್ರೆ ಏನ್ ಮಾಡ್ಬೇಕು: ಟೆಸ್ಟು, ಡಾಕ್ಟರು, ಹಾರ್ಮೋನು

ವಯಸ್ಸು ಇನ್ನೂ 40 ದಾಟಿಲ್ಲ, ನಾಲ್ಕು ತಿಂಗಳಿಂದ ಪೀರಿಯಡ್ಸ್ ಇಲ್ಲ, ಅಥವಾ ಒಂದ್ಸಲ ಆದ್ರೆ ಮತ್ತೆ ಮೂರು ತಿಂಗಳು ಪತ್ತೆನೇ ಇಲ್ಲ, ಹೀಗಿದ್ರೆ "ಟೆನ್ಷನ್‌ಗೆ ಹಾಗಾಗಿರತ್ತೆ ಬಿಡು" ಅಂತ ಸುಮ್ನೆ ಕೂರ್ಬೇಡಿ. ಮೊದಲು ಮನೇಲೇ ಕಿಟ್ ತಂದು ಪ್ರೆಗ್ನೆನ್ಸಿ ಟೆಸ್ಟ್ ಮಾಡ್ಕೊಳಿ, ಮಕ್ಕಳಾಗದ ಆಪರೇಷನ್ ಆಗಿದ್ರೂ ಸರಿ ಮಾಡ್ಕೊಳಿ, ನೆಗೆಟಿವ್ ಬಂದ್ರೆ ಗೈನಕಾಲಜಿಸ್ಟ್ ಹತ್ರ ಹೋಗಿ. ನಮ್ಮ ದೇಶದಲ್ಲಿ ಹೆಂಗಸರಿಗೆ ಮುಟ್ಟು ನಿಲ್ಲೋದು ಸರಾಸರಿ 46-47ಕ್ಕೆ. 40ರಿಂದ 45ರ ಒಳಗೆ ನಿಂತ್ರೆ ಬೇಗ ನಿಂತ ಲೆಕ್ಕ, 40ಕ್ಕೂ ಮುಂಚೆ ಅಂದ್ರೆ ಅದಕ್ಕೆ ಪ್ರಿಮೆಚ್ಯೂರ್ ಓವೇರಿಯನ್ ಇನ್‌ಸಫಿಷಿಯೆನ್ಸಿ ಅಂತಾರೆ, ಅಂದ್ರೆ ಓವರಿ (ಅಂಡಾಶಯ) ಟೈಮ್‌ಗೆ ಮುಂಚೆನೇ ಸರಿಯಾಗಿ ಕೆಲಸ ಮಾಡದೆ ಇರೋದು, ಫೈಲಲ್ಲಿ ಪಿಓಐ ಅಂತ ಬರೀತಾರೆ. ನೂರಕ್ಕೆ ಒಬ್ರಿಗೆ ಅಂತ ಮೊದಲೆಲ್ಲ ಹೇಳ್ತಿದ್ರು, ಈಗಿನ ಅಂದಾಜು ನೂರಕ್ಕೆ ಮೂರು-ನಾಲ್ಕು ಜನ, ಅಂದ್ರೆ ಅಷ್ಟೇನೂ ಅಪರೂಪ ಅಲ್ಲ.

ನಮ್ ಕಡೆ ಇದನ್ನ ಬರೀ ಮಕ್ಕಳ ವಿಷಯ ಅಂತ ನೋಡೋದೇ ದೊಡ್ಡ ತೊಂದ್ರೆ. ಮಕ್ಕಳಾಗಿಲ್ಲ ಅಂದ್ರೆ ಸೀದಾ ಐವಿಎಫ್ ಸೆಂಟರ್‌ಗೆ ಕಳಿಸ್ತಾರೆ, ಅಲ್ಲಿ ಎಎಂಎಚ್ (ಓವರಿಲಿ ಎಷ್ಟು ಮೊಟ್ಟೆ ಉಳಿದಿವೆ ಅಂತ ಅಂದಾಜು ಹೇಳೋ ರಕ್ತದ ಟೆಸ್ಟ್) ನೋಡಿ ಡೋನರ್ ಎಗ್ ಮಾತಾಡ್ತಾರೆ, ಮಿಕ್ಕಿದ್ದು ಯಾರೂ ಕೇಳಲ್ಲ. ಮಕ್ಕಳಾಗಿದ್ರೆ ಇನ್ನೂ ಸುಲಭ, "ಎರಡು ಮಕ್ಕಳಿದಾವಲ್ಲ, ತಿಂಗಳ ತಾಪತ್ರಯ ತಪ್ತು, ಒಳ್ಳೇದೇ ಆಯ್ತು" ಅಂತ ಕ್ಯಾಲ್ಸಿಯಂ ಮಾತ್ರೆ ಬರ್ದು ಕಳಿಸ್ತಾರೆ, ಮನೇಲಿ ಅತ್ತೆನೂ ಅದನ್ನೇ ಹೇಳ್ತಾರೆ. ಆದ್ರೆ ಓವರಿ ತಯಾರಿಸೋ ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಕೆಲಸ ಬರೀ ಗರ್ಭಕೋಶದಲ್ಲಿ ಇಲ್ಲ, ಮೂಳೆ, ಹೃದಯ, ರಕ್ತನಾಳ, ಮೆದುಳು, ಮೂತ್ರಕೋಶ ಎಲ್ಲದಕ್ಕೂ ಬೇಕು, 35ಕ್ಕೇ ಅದು ನಿಂತೋದ್ರೆ ಹತ್ತಾರು ವರ್ಷ ಮೈಗೆ ಸಿಗಬೇಕಾಗಿದ್ದು ಸಿಗಲ್ಲ. ಥೈರಾಯ್ಡ್ ಕಮ್ಮಿ ಆದ್ರೆ ದಿನಾ ಮಾತ್ರೆ ತಗೊಳಲ್ವಾ, ಇದೂ ಅದೇ ಥರ, ಕಮ್ಮಿ ಆದ ಹಾರ್ಮೋನನ್ನ ಔಷಧಿಯಾಗಿ ತಗೊಳೋದು. ಮಕ್ಕಳು ಬೇಕೋ ಬೇಡ್ವೋ ಅದು ಬೇರೆ ಪ್ರಶ್ನೆ, ಹಾರ್ಮೋನ್ ಪ್ರಶ್ನೆ ಬೇರೆ, ಡಾಕ್ಟರ್ ಮುಂದೆ ಎರಡನ್ನೂ ಬೇರೆ ಬೇರೆ ಕೇಳಿ.

ಹೋಗೋಕ್ ಮುಂಚೆ ಒಂದ್ ಹಾಳೆ ಮೇಲೆ ಬರ್ಕೊಳಿ, ಒಪಿಡಿ ಕ್ಯೂನಲ್ಲಿ ಎರಡು ಗಂಟೆ ಕೂತು ಐದು ನಿಮಿಷ ಸಿಗೋವಾಗ ಏನೂ ನೆನಪಾಗಲ್ಲ. ಕಳೆದ ಒಂದು ವರ್ಷದಲ್ಲಿ ಯಾವ್ಯಾವ ತಾರೀಖಿಗೆ ಡೇಟ್ ಆಯ್ತು, ಇದ್ದಕ್ಕಿದ್ದಂಗೆ ಎದೆ ಕುತ್ತಿಗೆ ಮುಖ ಧಗ್ ಅಂದು ಬೆವರು ಬರೋದು ದಿನಕ್ಕೆ ಎಷ್ಟು ಸಲ, ರಾತ್ರಿ ಬೆವರಿ ಎಚ್ಚರ ಆಗತ್ತಾ, ಕೀಲು ನೋವು, ಮರೆವು, ಸುಮ್ ಸುಮ್ನೆ ಅಳು, ಪದೇ ಪದೇ ಯೂರಿನ್ ಇನ್ಫೆಕ್ಷನ್. ಕೆಳಗಡೆ ಒಣಗಿ ಉರಿ ಇದ್ರೆ, ಗಂಡನ ಜೊತೆ ಸೇರುವಾಗ ನೋವಾಗ್ತಿದ್ರೆ ಅದನ್ನೂ ಬರೀರಿ, ಬಾಯಲ್ಲಿ ಹೇಳೋಕೆ ನಾಚಿಕೆ ಆದ್ರೆ ಹಾಳೆನೇ ಡಾಕ್ಟರ್ ಕೈಗೆ ಕೊಡಿ. ಆಮೇಲೆ ಅಮ್ಮ, ದೊಡ್ಡಮ್ಮ, ಚಿಕ್ಕಮ್ಮ, ಅಕ್ಕ ಇವರಿಗೆ ಫೋನ್ ಮಾಡಿ ಎಷ್ಟನೇ ವಯಸ್ಸಿಗೆ ನಿಂತಿದ್ದು ಅಂತ ಕೇಳಿ. ವಂಶದಲ್ಲಿ ಬುದ್ಧಿ ಬೆಳವಣಿಗೆ ನಿಧಾನ ಇರೋ ಗಂಡುಮಕ್ಕಳು ಇದ್ರೆ ಅದನ್ನೂ ಹೇಳಿ, ಫ್ರಜೈಲ್ ಎಕ್ಸ್ ಅನ್ನೋ ಕಾಯಿಲೆಯ ಜೀನ್‌ಗೂ ಬೇಗ ಮುಟ್ಟು ನಿಲ್ಲೋದಕ್ಕೂ ಸಂಬಂಧ ಇದೆ. ಕ್ಯಾನ್ಸರ್‌ಗೆ ಕೀಮೋ, ರೇಡಿಯೇಷನ್ ಆಗಿದ್ರೆ ಆ ಪೇಪರ್ಸ್ ತಗೊಂಡೋಗಿ.

ಗರ್ಭಕೋಶ ತೆಗೆಸಿದೋರಿಗೆ ಒಂದು ಮಾತು. ಕಲಬುರಗಿ ಕಡೆ ತಾಂಡಾಗಳ ಹೆಂಗಸರಿಗೆ ಸುಮ್ ಸುಮ್ನೆ ಗರ್ಭಚೀಲ ತೆಗೆದಿದ್ದು 2015ರಲ್ಲಿ ದೊಡ್ಡ ಸುದ್ದಿ ಆಗಿತ್ತು, ಹಳ್ಳಿ ಕಡೆ 30-35ಕ್ಕೇ ತೆಗೆಸಿಕೊಂಡೋರು ಈಗ್ಲೂ ಸಿಗ್ತಾರೆ. ಗರ್ಭಕೋಶ ಇಲ್ಲದ ಮೇಲೆ ಬ್ಲೀಡಿಂಗ್ ನೋಡಿ ಏನೂ ಗೊತ್ತಾಗಲ್ಲ, ಅದಕ್ಕೆ ಡಿಸ್ಚಾರ್ಜ್ ಸಮರಿ ತೆಗೆದು ನೋಡಿ, ಟಿಎಎಚ್ ಅಂತ ಮಾತ್ರ ಇದ್ರೆ ಗರ್ಭಕೋಶ ಅಷ್ಟೇ ತೆಗೆದಿದ್ದಾರೆ, ಪಕ್ಕದಲ್ಲಿ ಬಿಎಸ್‌ಒ ಅಂತ ಇದ್ರೆ ಎರಡೂ ಓವರಿ ಹೋಗಿವೆ ಅಂತ ಅರ್ಥ. ಓವರಿ ಹೋಗಿದ್ರೆ ಆಪರೇಷನ್ ಆದ ದಿನದಿಂದಲೇ ನಿಮಗೆ ಮೆನೋಪಾಸ್, ಅದಕ್ಕೆ ಇನ್ನೊಂದು ಟೆಸ್ಟ್ ಬೇಕಿಲ್ಲ. ಓವರಿ ಉಳಿಸಿದ್ರೂ ಬೇರೆಯವ್ರಿಗಿಂತ ಒಂದೆರಡು ವರ್ಷ ಮುಂಚೆನೇ ನಿಲ್ಲೋ ಸಾಧ್ಯತೆ ಇರತ್ತೆ. ಸಮರಿ ಕಳ್ದೋಗಿದ್ರೆ ಸ್ಕ್ಯಾನ್ ಮತ್ತೆ ರಕ್ತದ ಟೆಸ್ಟ್ ಮಾಡ್ಸಿ ನೋಡ್ತಾರೆ.

ಈಗ ಟೆಸ್ಟು. ಮುಖ್ಯವಾಗಿದ್ದು ಎಫ್‌ಎಸ್‌ಎಚ್, ಜೊತೆಗೆ ಎಸ್ಟ್ರಾಡಯಾಲ್ (ಈಸ್ಟ್ರೋಜನ್‌ನ ಮುಖ್ಯ ರೂಪ), ಥೈರಾಯ್ಡ್‌ಗೆ ಟಿಎಸ್‌ಎಚ್, ಆಮೇಲೆ ಪ್ರೊಲ್ಯಾಕ್ಟಿನ್ ಅನ್ನೋ ಇನ್ನೊಂದು ಹಾರ್ಮೋನ್. ಓವರಿ ಕೆಲಸ ನಿಲ್ಸಿದಾಗ ಮೆದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಅನ್ನೋ ಹಾರ್ಮೋನ್ ಜಾಸ್ತಿ ಜಾಸ್ತಿ ಬಿಡತ್ತೆ. 2024ರ ಅಂತರರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ನಾಲ್ಕು ತಿಂಗಳಿಂದ ಡೇಟ್ ಏರುಪೇರಾಗಿ ಎಫ್‌ಎಸ್‌ಎಚ್ 25ಕ್ಕಿಂತ ಮೇಲಿದ್ರೆ ಪಿಓಐ ಅಂತ ಹೇಳೋಕೆ ಒಂದು ರಿಪೋರ್ಟ್ ಸಾಕು, ಅನುಮಾನ ಇದ್ರೆ ಮಾತ್ರ ನಾಲ್ಕರಿಂದ ಆರು ವಾರ ಬಿಟ್ಟು ಇನ್ನೊಂದ್ಸಲ. ತುಂಬಾ ಡಾಕ್ಟರುಗಳು ಇನ್ನೂ ಹಳೇ ಲೆಕ್ಕದ ಪ್ರಕಾರ ಎರಡು ಸಲ ಕೇಳ್ತಾರೆ, ಕೇಳಿದ್ರೆ ಮಾಡ್ಸಿ, ಅದಕ್ಕೆ ಜಗಳ ಬೇಡ. ಬರೀ ಎಎಂಎಚ್ ಕಮ್ಮಿ ಇದೆ ಅಂತ ಪಿಓಐ ಅನ್ನೋಕಾಗಲ್ಲ, ಡೇಟ್ ಸರಿಯಾಗಿ ಬರ್ತಾ ಎಎಂಎಚ್ ಕಮ್ಮಿ ಇರೋರು ಬೇಕಾದಷ್ಟು ಜನ ಇದ್ದಾರೆ.

ರಿಪೋರ್ಟ್ ಓದೋವಾಗ ಒಂದು ಮೋಸ ಇದೆ ನೋಡಿ. ಎಫ್‌ಎಸ್‌ಎಚ್ ಸಂಖ್ಯೆ ಪಕ್ಕ ಲ್ಯಾಬ್‌ನೋರು ನಾಲ್ಕೈದು ಸಾಲು ರೇಂಜ್ ಪ್ರಿಂಟ್ ಮಾಡಿರ್ತಾರೆ, ಫಾಲಿಕ್ಯುಲರ್ (ತಿಂಗಳ ಚಕ್ರದ ಮೊದಲರ್ಧ) ಇಷ್ಟು, ಲ್ಯೂಟಿಯಲ್ (ಕೊನೇ ಅರ್ಧ) ಇಷ್ಟು, ಪೋಸ್ಟ್‌ಮೆನೋಪಾಸ್ (ಮುಟ್ಟು ನಿಂತ ಮೇಲೆ) 25.8ರಿಂದ 134.8 ಅಂತ. ನಿಮ್ಮದು 62 ಬಂದ್ರೂ ಕೆಂಪು ಅಕ್ಷರ, ಸ್ಟಾರ್ ಗುರ್ತು ಏನೂ ಇಲ್ದೆ ಇರಬಹುದು, ಯಾಕಂದ್ರೆ ಕೊನೇ ಸಾಲಿನ ಪ್ರಕಾರ ಅದು ನಾರ್ಮಲ್. 34 ವರ್ಷದೋಳಿಗೆ ಅದು ನಾರ್ಮಲ್ ಅಲ್ಲ, ಹಂಗಾಗಿ ಸ್ಟಾರ್ ನೋಡ್ಬೇಡಿ, ಸಂಖ್ಯೆ ನೋಡಿ.

ರಿಪೋರ್ಟ್ ಕೆಡಿಸೋ ವಸ್ತುಗಳೂ ಇವೆ. ಕೂದಲು ಉದುರತ್ತೆ ಅಂತ ಬಯೋಟಿನ್ ಮಾತ್ರೆ ತಗೊಳೋರು ಎರಡು ಮೂರು ದಿನ ಮುಂಚೆನೇ ನಿಲ್ಸಿ, ಅದು ಕೆಲವು ಮಷಿನ್‌ಗಳಲ್ಲಿ ಎಫ್‌ಎಸ್‌ಎಚ್ ಕಮ್ಮಿ, ಎಸ್ಟ್ರಾಡಯಾಲ್ ಜಾಸ್ತಿ ಅಂತ ತೋರ್ಸತ್ತೆ, ಅಂದ್ರೆ ಇರೋ ಕಾಯಿಲೆನೇ ಮುಚ್ಚಿಹೋಗತ್ತೆ. ಗರ್ಭನಿರೋಧಕ ಮಾತ್ರೆ ತಗೊಳ್ತಿದ್ರೆ ಅದೂ ಎಫ್‌ಎಸ್‌ಎಚ್ ಇಳಿಸತ್ತೆ. ಮದುವೆ, ಗೃಹಪ್ರವೇಶ, ವ್ರತ ಅಂತ ಡೇಟ್ ಮುಂದೂಡೋ ಮಾತ್ರೆ ತಗೊಂಡಿದ್ರೆ ಅದನ್ನೂ ಹೇಳಿ. ಇನ್ನೊಂದು, ಡಾಕ್ಟರ್ ಐದು ಅಥವಾ ಹತ್ತು ದಿನ ಮಾತ್ರೆ ಕೊಟ್ಟು ಬ್ಲೀಡಿಂಗ್ ಬರ್ಸಿದ್ರು ಅಂದ್ರೆ ಓವರಿ ಸರಿಹೋಯ್ತು ಅಂತ ಅಲ್ಲ, ಅದು ಮಾತ್ರೆ ನಿಲ್ಸಿದ್ದಕ್ಕೆ ಬಂದ ಬ್ಲೀಡಿಂಗ್, "ಡೇಟ್ ಆಯ್ತಲ್ಲ" ಅಂತ ಫಾಲೋಅಪ್ ಬಿಟ್ಟು ಒಂದೆರಡು ವರ್ಷ ಕಳ್ಕೊಂಡೋರು ಎಷ್ಟೋ ಜನ.

ಪಿಓಐ ಅಂತ ಗೊತ್ತಾದ್ಮೇಲೆ ಕಾರಣ ಹುಡುಕೋಕೆ ಕ್ರೋಮೋಸೋಮ್ ಟೆಸ್ಟ್, ಎಫ್‌ಎಂಆರ್1 ಜೀನ್ ಟೆಸ್ಟ್ (ಮೇಲೆ ಹೇಳಿದ ಫ್ರಜೈಲ್ ಎಕ್ಸ್‌ದು), ಥೈರಾಯ್ಡ್ ಮತ್ತೆ ಅಡ್ರಿನಲ್ ಆಂಟಿಬಾಡಿ ಬರೀತಾರೆ. ಜೀನ್ ಟೆಸ್ಟ್‌ಗೆ ದುಡ್ಡು ಜಾಸ್ತಿ, ಆದ್ರೂ ತಂಗಿ ಅಥವಾ ಮಗಳು ಇದ್ರೆ ಅವರ ಸಲುವಾಗಿ ಯೋಚ್ನೆ ಮಾಡಿ. ಎಷ್ಟು ಹುಡುಕಿದ್ರೂ ಹೆಚ್ಚಿನೋರಿಗೆ ಕಾರಣ ಸಿಗಲ್ಲ, ನೀವು ತಿಂದಿದ್ದು ಉಂಡಿದ್ದು, ಚಿಕನ್ನು, ಮೊಬೈಲು ಇದ್ಯಾವ್ದೂ ಕಾರಣ ಅಲ್ಲ. ಜೊತೆಗೆ ಡೆಕ್ಸಾ ಸ್ಕ್ಯಾನ್ ಮಾಡ್ಸಿ, ಮೂಳೆ ಸಾಂದ್ರತೆ ಈಗ ಎಷ್ಟಿದೆ ಅಂತ ತಿಳ್ಕೊಳೋಕೆ. ಹಿಮ್ಮಡಿ ಮೇಲೆ ನೋಡೋ ಚಿಕ್ಕ ಮಷಿನ್ ಕ್ಯಾಂಪ್‌ಗಳಲ್ಲಿ ಇರತ್ತಲ್ಲ, ಅದು ಸಾಲಲ್ಲ, ಸೊಂಟ ಮತ್ತೆ ಬೆನ್ನುಮೂಳೆದು ಬೇಕು.

ಹಾರ್ಮೋನ್ ಅಂದ ತಕ್ಷಣ "ಅಯ್ಯೋ ಕ್ಯಾನ್ಸರ್ ಬರತ್ತೆ" ಅನ್ನೋರು ಇರ್ತಾರೆ, ಕೆಲವು ಡಾಕ್ಟರುಗಳೂ ಹೇಳ್ತಾರೆ. ಈ ಭಯ ಜೋರಾಗಿದ್ದು 2002ರಲ್ಲಿ ಮೆನೋಪಾಸ್ ಆದ ಹೆಂಗಸರಿಗೆ ಹಾರ್ಮೋನ್ ಕೊಟ್ಟು ನೋಡಿದ ಅಮೆರಿಕದ ಡಬ್ಲ್ಯುಎಚ್‌ಐ ಅನ್ನೋ ದೊಡ್ಡ ಸ್ಟಡಿ ಅರ್ಧಕ್ಕೆ ನಿಂತಾಗ. ಆದ್ರೆ ಅದರಲ್ಲಿ ಇದ್ದೋರು 50ರಿಂದ 79 ವಯಸ್ಸಿನೋರು, ಸರಾಸರಿ 63, ಅವರಿಗೆ ಕೊಟ್ಟಿದ್ದು ಕುದುರೆ ಮೂತ್ರದಿಂದ ತೆಗೆದ ಈಸ್ಟ್ರೋಜನ್ನು, ಜೊತೆಗೆ ಸಿಂಥೆಟಿಕ್ ಪ್ರೊಜೆಸ್ಟಿನ್ನು (ಪ್ರೊಜೆಸ್ಟರಾನ್ ಥರ ಕೆಲಸ ಮಾಡೋ ಔಷಧಿ). 35 ವರ್ಷದೋಳಿಗೆ ಅವಳ ಮೈಯಲ್ಲಿ ಇರಲೇಬೇಕಾಗಿದ್ದ ಹಾರ್ಮೋನ್ ವಾಪಸ್ ಕೊಡೋದಕ್ಕೆ ಆ ಲೆಕ್ಕ ಹೊಂದಲ್ಲ, ಮುಟ್ಟು ಸಹಜವಾಗಿ ನಿಲ್ಲೋ ವಯಸ್ಸಿನವರೆಗೆ ಹೀಗೆ ತಗೊಂಡ್ರೆ ಅದೇ ವಯಸ್ಸಿನ ಬೇರೆ ಹೆಂಗಸರಿಗಿಂತ ಬ್ರೆಸ್ಟ್ ಕ್ಯಾನ್ಸರ್ ಜಾಸ್ತಿ ಅಂತ ಕಂಡುಬಂದಿಲ್ಲ. ಬ್ರೆಸ್ಟ್ ಕ್ಯಾನ್ಸರ್ ಈಗಾಗ್ಲೇ ಆಗಿದ್ದೋರು, ಲಿವರ್ ತೊಂದ್ರೆ ಜೋರಾಗಿರೋರು, ಕಾರಣ ಗೊತ್ತಿಲ್ದೆ ಬ್ಲೀಡಿಂಗ್ ಆಗ್ತಿರೋರಿಗೆ ಮಾತ್ರ ಮಾತು ಬೇರೆ, ಅವರು ಸ್ಪೆಷಲಿಸ್ಟ್ ಇಲ್ದೆ ಒಂದ್ ಮಾತ್ರೆನೂ ಮುಟ್ಟಬಾರ್ದು. ಕಾಲಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದೋರಿಗೆ, ಮೈಗ್ರೇನ್, ಬಿಪಿ, ತೂಕ ಜಾಸ್ತಿ ಇರೋರಿಗೆ ಮಾತ್ರೆಗಿಂತ ಚರ್ಮಕ್ಕೆ ಹಚ್ಚೋ ಜೆಲ್ ವಾಸಿ, ಚರ್ಮದಿಂದ ಹೋದ್ರೆ ರಕ್ತ ಹೆಪ್ಪುಗಟ್ಟೋ ಭಯ ಕಮ್ಮಿ.

ಗರ್ಭಕೋಶ ಇರೋರು ಈಸ್ಟ್ರೋಜನ್ ಒಂದನ್ನೇ ಯಾವತ್ತೂ ತಗೋಬಾರ್ದು, ಒಳಪದರ ದಪ್ಪ ಆಗ್ತಾ ಹೋಗಿ ಕ್ಯಾನ್ಸರ್‌ಗೆ ದಾರಿ ಆಗಬಹುದು, ಅದಕ್ಕೆ ಆ ಪದರನ ಹತೋಟಿಲಿಡೋ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಜೊತೆಗಿರಲೇಬೇಕು. ಗರ್ಭಕೋಶ ಇಲ್ದೋರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು. ವಯಸ್ಸು ಚಿಕ್ಕದಾದ್ರೆ ಡೋಸ್ ಸ್ವಲ್ಪ ಜಾಸ್ತಿನೇ ಬೇಕು, 52 ವರ್ಷದೋರಿಗೆ ಕೊಡೋ 1 ಮಿಲಿಗ್ರಾಂ ನಿಮಗೂ ಬರ್ದಿದ್ರೆ ಇದು ಮೂಳೆಗೆ ಸಾಕಾಗತ್ತಾ ಅಂತ ಕೇಳಿ, ಸಾಮಾನ್ಯವಾಗಿ ದಿನಕ್ಕೆ 2 ಮಿಲಿಗ್ರಾಂ ಎಸ್ಟ್ರಾಡಯಾಲ್ ಮಾತ್ರೆ ಅಥವಾ ಅದಕ್ಕೆ ಸಮನಾದ ಜೆಲ್ ಇರತ್ತೆ. ಪ್ರೊಜೆಸ್ಟರಾನ್ ತಿಂಗಳಲ್ಲಿ 12-14 ದಿನ 200 ಮಿಲಿಗ್ರಾಂ ತಗೊಂಡ್ರೆ ಪ್ರತಿ ತಿಂಗಳು ಬ್ಲೀಡಿಂಗ್ ಬರತ್ತೆ, ದಿನಾ 100 ತಗೊಂಡ್ರೆ ಬರಲ್ಲ, ಯಾವ್ದು ಬೇಕು ಅಂತ ಹೇಳೋ ಹಕ್ಕು ನಿಮಗಿದೆ. ಈ ಕ್ಯಾಪ್ಸೂಲ್ ನಿದ್ದೆ ಬರ್ಸತ್ತೆ, ರಾತ್ರಿ ಮಲಗೋ ಮುಂಚೆ ತಗೊಳಿ, ಕೆಲವು ಬ್ರ್ಯಾಂಡಲ್ಲಿ ಕಡಲೆಕಾಯಿ ಎಣ್ಣೆ ಇರತ್ತೆ, ಅಲರ್ಜಿ ಇರೋರು ಮೊದಲೇ ಹೇಳಿ. ಜೆಲ್ ಆದ್ರೆ ಸ್ನಾನ ಆದ್ಮೇಲೆ ತೋಳಿಗೋ ತೊಡೆಗೋ ತೆಳುವಾಗಿ ಹಚ್ಚಿ, ಒಣಗೋವರೆಗೂ ಮಗುನ ಎತ್ಕೋಬೇಡಿ, ಕೈ ಸೋಪಲ್ಲಿ ತೊಳೀರಿ, ಎದೆ ಮೇಲೆ ಹಚ್ಚಬೇಡಿ. ಪ್ಯಾಚ್ ಎಲ್ಲಾ ಮೆಡಿಕಲ್ ಶಾಪಲ್ಲೂ ಸಿಗಲ್ಲ. ಕೆಳಗಡೆ ಉರಿ ಮಾತ್ರ ಹೋಗ್ತಿಲ್ಲ ಅಂದ್ರೆ ಅಲ್ಲಿಗೇ ಹಚ್ಚೋ ಎಸ್ಟ್ರಿಯಾಲ್ ಕ್ರೀಮ್ ಬೇರೆ ಇದೆ.

ಮೊದಲ ಮೂರು ತಿಂಗಳು ಎದೆ ಬಿಗಿತ, ವಾಕರಿಕೆ, ಅಲ್ಲಲ್ಲಿ ಸ್ಪಾಟಿಂಗ್ ಇರಬಹುದು, ಅದಕ್ಕೇ ಹೆದರಿ ನಿಲ್ಸಬೇಡಿ, ಮೂರು ತಿಂಗಳಿಗೆ ಹೋಗಿ ಡೋಸ್ ಅಥವಾ ಬ್ರ್ಯಾಂಡ್ ಬದಲಾಯ್ಸಿ. ಆಮೇಲೆ ವರ್ಷಕ್ಕೊಂದ್ಸಲ ಬಿಪಿ, ತೂಕ ನೋಡಿದ್ರೆ ಸಾಕು, ಡೋಸ್ ನೋಡೋಕೆ ಮತ್ತೆ ಮತ್ತೆ ಎಫ್‌ಎಸ್‌ಎಚ್ ಮಾಡ್ಸೋದು ದಂಡ. ರಾಗಿ ತಿನ್ನಿ, 100 ಗ್ರಾಂ ರಾಗಿ ಹಿಟ್ಟಲ್ಲಿ 350 ಮಿಲಿಗ್ರಾಂ ಹತ್ರ ಕ್ಯಾಲ್ಸಿಯಂ ಇದೆ, ವಿಟಮಿನ್ ಡಿ ನೋಡ್ಕೊಳಿ, ನಡೀರಿ, ಭಾರ ಎತ್ತಿ, ಆದ್ರೆ ಮುದ್ದೆನೋ ಶತಾವರಿನೋ ಸೋಯಾ ಕ್ಯಾಪ್ಸೂಲೋ ಈಸ್ಟ್ರೋಜನ್ ಜಾಗಕ್ಕೆ ಬರಲ್ಲ.

ಮಕ್ಕಳ ವಿಷಯ ಚಿಕ್ಕದಾಗಿ: ಪಿಓಐ ಇದ್ರೂ ನೂರಕ್ಕೆ ಸುಮಾರು ಐದು ಜನಕ್ಕೆ ತಾನಾಗೇ ಗರ್ಭ ನಿಲ್ಲತ್ತೆ, ಈ ಹಾರ್ಮೋನ್ ಮಾತ್ರೆ ಗರ್ಭನಿರೋಧಕ ಅಲ್ಲ, ಬೇಡ ಅಂದ್ರೆ ಬೇರೆ ಏನಾದ್ರೂ ಬಳಸ್ಬೇಕು. ಡೋನರ್ ಎಗ್ ಬೇಕಂದ್ರೆ 2021ರ ಎಆರ್‌ಟಿ ಕಾನೂನಲ್ಲಿ (ಐವಿಎಫ್ ಥರದ ಚಿಕಿತ್ಸೆಗಳ ಕಾನೂನು) ಹೆಂಗಸಿಗೆ 50 ವರ್ಷದವರೆಗೆ ಅವಕಾಶ ಇದೆ, ಹಾಗಾಗಿ ಯಾರಾದ್ರೂ ಇವತ್ತೇ ಅಡ್ವಾನ್ಸ್ ಕಟ್ಟಿ ಅಂದ್ರೆ ಮನೆಗ್ ಬಂದು ಯೋಚ್ನೆ ಮಾಡಿ.

ನಿಮ್ಮ ಡಾಕ್ಟರ್ "ಇದೆಲ್ಲ ಬೇಡ" ಅಂದ್ರೆ ಯಾಕೆ ಬೇಡ ಅಂತ ಚೀಟಿಲಿ ಬರ್ದು ಕೊಡಿ ಅಂತ ಮರ್ಯಾದೆಯಿಂದ ಕೇಳಿ, ಉತ್ತರ ಸರಿ ಅನ್ನಿಸ್ಲಿಲ್ಲ ಅಂದ್ರೆ ಎಂಡೋಕ್ರಿನಾಲಜಿಸ್ಟ್ (ಹಾರ್ಮೋನ್ ಸ್ಪೆಷಲಿಸ್ಟ್) ಹತ್ರ ಹೋಗಿ. ದುಡ್ಡಿನ ತೊಂದ್ರೆ ಇದ್ರೆ ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ, ಹುಬ್ಬಳ್ಳಿ ಕಿಮ್ಸ್ (ಈಗ ಕೆಎಂಸಿಆರ್‌ಐ) ಥರದ ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆ ಒಪಿಡಿಗೆ ಬೆಳಗ್ಗೆ ಬೇಗ ಹೋಗಿ, ಹಳೇ ರಿಪೋರ್ಟ್ ಎಲ್ಲಾ ಒಂದೇ ಫೈಲಲ್ಲಿ ಇಟ್ಕೊಂಡು. ಡೋಸ್ ಸೆಟ್ ಆದ್ಮೇಲೆ ಮಧ್ಯದಲ್ಲಿ ಹೊಸದಾಗಿ ಬ್ಲೀಡಿಂಗ್ ಬಂದ್ರೆ, ಒಂದ್ ಕಾಲು ಮಾತ್ರ ಊದಿಕೊಂಡು ನೋವಾದ್ರೆ, ಎದೆಲಿ ಗಂಟು ಸಿಕ್ಕಿದ್ರೆ ತಡ ಮಾಡ್ಬೇಡಿ. ಇಲ್ಲಾಂದ್ರೆ 50ರ ಹತ್ರ ಬರೋವರೆಗೂ ನಿಲ್ಸದೆ ತಗೊಳಿ, ಮುಂದುವರಿಸೋದಾ ನಿಧಾನಕ್ಕೆ ಕಮ್ಮಿ ಮಾಡೋದಾ ಅಂತ ಆಗ ಡಾಕ್ಟರ್ ಜೊತೆ ಕೂತು ಮಾತಾಡಿದ್ರಾಯ್ತು.